‘ಹಿಟ್ ಇಟ್ ಆಫ್’ ಎನ್ನಲು ಹೋಗಿ ‘ಹಿಟ್ ಆನ್’ ಎಂದುಬಿಟ್ಟೆ: ಸ್ನೇಹದ ಆಡುಮಾತಿನ ಇಂಗ್ಲಿಷನ್ನು ಕಲಿಯುವುದು ಹೇಗೆ?

ತಿಪಟೂರಿನವಳು

ಹತ್ತನೆಯ ತರಗತಿಯವರೆಗೆ ತಿಪಟೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಎಂಜಿನಿಯರಿಂಗ್ ಮುಗಿಸಿ, ಈಗ ಎಂಟು ತಿಂಗಳಿನಿಂದ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಕೆಲಸಕ್ಕೆ ಬೇಕಾದ ಇಂಗ್ಲಿಷಿನಲ್ಲಿ ನನಗೆ ಹೆಚ್ಚಿನ ತೊಂದರೆಯಿಲ್ಲ. ಬಗ್ ರಿಪೋರ್ಟ್ ಬರೆಯುತ್ತೇನೆ, ಮೀಟಿಂಗಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ತೊಡಕು ಶುರುವಾಗುವುದು ಮೀಟಿಂಗ್ ಮುಗಿದು ಎಲ್ಲರೂ ಕ್ಯಾಂಟೀನಿನ ಕಡೆಗೆ ನಡೆಯುವಾಗ.

ನಡೆದದ್ದನ್ನೇ ಹೇಳುತ್ತೇನೆ. ನಮ್ಮ ತಂಡಕ್ಕೆ ಪುಣೆಯಿಂದ ಒಬ್ಬರು ಹೊಸದಾಗಿ ಬಂದಿದ್ದಾರೆ. ಮೊದಲ ದಿನದಿಂದಲೇ ನಮ್ಮಿಬ್ಬರ ಕೆಲಸದ ರೀತಿ ಚೆನ್ನಾಗಿ ಹೊಂದಿಕೊಂಡಿತು. ಹೋದ ವಾರ ನಮ್ಮ ಮ್ಯಾನೇಜರ್ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು, ಹೊಸಬರು ಹೇಗಿದ್ದಾರೆ ಎಂದು ಕೇಳಿದರು. ಯಾರೋ ಹಿಂದೊಮ್ಮೆ ‘ವಿ ಹಿಟ್ ಇಟ್ ಆಫ್’ ಎಂದದ್ದು ಅರ್ಧಂಬರ್ಧ ನೆನಪಿತ್ತು. ಅದನ್ನೇ ಬಳಸೋಣವೆಂದು ‘ಹಿ ಹಿಟ್ ಆನ್ ಮಿ ಫ್ರಮ್ ದ ಫಸ್ಟ್ ಡೇ’ ಎಂದೆ. ಅವರು ಟೈಪ್ ಮಾಡುವುದನ್ನು ನಿಲ್ಲಿಸಿದರು, ಲ್ಯಾಪ್‌ಟಾಪ್ ಮುಚ್ಚಿದರು, ಎದ್ದು ಹೋಗಿ ಬಾಗಿಲು ಹಾಕಿ ಬಂದರು, ನೀರಿನ ಬಾಟಲಿಯನ್ನು ನನ್ನ ಕಡೆಗೆ ಸರಿಸಿ, ತಗ್ಗಿದ ದನಿಯಲ್ಲಿ ‘ವುಡ್ ಯು ಲೈಕ್ ಟು ಟೇಕ್ ಇಟ್ ಫಾರ್ವರ್ಡ್ ಫಾರ್ಮಲಿ?’ ಎಂದು ಕೇಳಿದರು. ಯಾವುದೋ ಮೆಚ್ಚುಗೆಯ ಪತ್ರಕ್ಕೆ ಅವರ ಹೆಸರನ್ನು ಕಳಿಸುತ್ತಾರೆಂದು ತಿಳಿದು ನಾನು ಉತ್ಸಾಹದಿಂದ ‘ಯೆಸ್, ಹಿ ಡಿಸರ್ವ್ಸ್ ಇಟ್’ ಎಂದೆ. ಆ ಗಂಟನ್ನು ಬಿಡಿಸಲು ಹದಿನೈದು ನಿಮಿಷ ಬೇಕಾಯಿತು. ಹೊಸಬರ ಕಿವಿಗೆ ಇದು ಬಿದ್ದಿಲ್ಲವೆಂದು ನಂಬಿದ್ದೇನೆ.

ಇದಕ್ಕೂ ಮೊದಲು, ಪಿ.ಜಿ.ಯಲ್ಲಿ ನನ್ನ ಕೋಣೆಯವರಿಗೆ ‘ಐ ವಾಂಟ್ ಟು ಮೇಕ್ ಫ್ರೆಂಡ್‌ಶಿಪ್ ವಿತ್ ಯು’ ಎಂದಾಗಲೂ ಅವರು ನಕ್ಕಿದ್ದರು. ನಮ್ಮ ಇಂಗ್ಲೆಂಡಿನ ಕಚೇರಿಯಿಂದ ಬಂದಿದ್ದ ಹಿರಿಯರೊಬ್ಬರು ‘ವಿ ಮಸ್ಟ್ ಕ್ಯಾಚ್ ಅಪ್ ಸಮ್‌ಟೈಮ್’ ಎಂದಿದ್ದಕ್ಕೆ, ಅವರು ಕರೆಯುತ್ತಾರೆಂದು ಎರಡು ವಾರ ಕಾದದ್ದೂ ಉಂಟು. ಪರಿಚಯವಾಗುವುದು, ಸಲಿಗೆ ಬೆಳೆಯುವುದು, ಸ್ನೇಹ ಕುದುರುವುದು, ಇವನ್ನೆಲ್ಲ ಇಂಗ್ಲಿಷಿನವರು ತಮ್ಮತಮ್ಮಲ್ಲಿ ಹೇಗೆ ಹೇಳಿಕೊಳ್ಳುತ್ತಾರೆ, ಯಾವುದನ್ನು ನಿಜವೆಂದು ತಿಳಿಯಬೇಕು, ಯಾವುದು ಬರಿಯ ಉಪಚಾರ, ಬಲ್ಲವರು ದಯವಿಟ್ಟು ವಿವರಿಸಬೇಕು.

ಗಾಂಧಿಬಜಾರಿನ ನಿವೃತ್ತ ಮೇಷ್ಟ್ರು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ನಿಮ್ಮ ತಪ್ಪು ದಡ್ಡತನದ ತಪ್ಪಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕನ್ನಡ ಕಲಿಯುತ್ತಿರುವ ಪರಭಾಷಿಕನೊಬ್ಬ, ಗೆಳೆಯ ತನ್ನ ಕೈ ಕುಲುಕಿದನೆಂದು ಹೇಳಲು ಹೋಗಿ ‘ಅವನು ನನಗೆ ಕೈ ಕೊಟ್ಟ’ ಎಂದರೆ ಕೇಳಿದವರು ‘ಅಯ್ಯೋ ಪಾಪ’ ಎನ್ನುತ್ತಾರೆ. ಕೈ ಹಿಡಿದರೆ ಒಂದು ಅರ್ಥ, ಕೈ ಬಿಟ್ಟರೆ ಇನ್ನೊಂದು, ಕೈ ಎತ್ತಿದರೆ ಮತ್ತೊಂದು. ನಮ್ಮಲ್ಲಿ ಕೈ ಹಾಗೆಯೇ ಇದ್ದು ಕ್ರಿಯಾಪದ ಬದಲಾಗುತ್ತದೆ, ಅವರಲ್ಲಿ ಕ್ರಿಯಾಪದ ಹಾಗೆಯೇ ಇದ್ದು ಅದರ ಹಿಂದೆ ಬರುವ ಆನ್, ಆಫ್, ಅಪ್ ಎಂಬ ಪುಟ್ಟ ಪದ ಬದಲಾಗುತ್ತದೆ. ‘ಹಿಟ್ ಇಟ್ ಆಫ್’ ಎಂದರೆ ಇಬ್ಬರಿಗೆ ಮೊದಲ ಭೇಟಿಯಲ್ಲೇ ಹೊಂದಿಕೆಯಾಯಿತು, ಸ್ನೇಹ ಕುದುರಿತು ಎಂದು. ‘ಹಿಟ್ ಆನ್’ ಎಂದರೆ ಪ್ರಣಯದ ಆಸೆಯಿಂದ ಒಬ್ಬರ ಬೆನ್ನು ಬೀಳುವುದು. ‘ಹಿಟ್ ಮಿ ಅಪ್’ ಎಂದರೆ, ಬಿಡುವಾದಾಗ ನನಗೊಂದು ಫೋನನ್ನೋ ಸಂದೇಶವನ್ನೋ ಮಾಡು ಎಂದಷ್ಟೇ. ‘ಹಿಟ್ ಇಟ್ ಆಫ್’ ಎನ್ನುವಾಗ ನಡುವಿನ ಆ ‘ಇಟ್’ ಏನನ್ನೂ ಸೂಚಿಸುವುದಿಲ್ಲ, ಆದರೂ ಅದನ್ನು ಬಿಡುವಂತಿಲ್ಲ. ‘ವಿ ಹಿಟ್ ಇಟ್ ಆಫ್’ ಎಂದು ಇಬ್ಬರನ್ನೂ ಸೇರಿಸಿ ಹೇಳಬಹುದು, ಇಲ್ಲವೇ ‘ಐ ಹಿಟ್ ಇಟ್ ಆಫ್ ವಿತ್ ಹಿಮ್’ ಎನ್ನಬಹುದು. ಅದು ಎಂದಿಗೂ ಒಬ್ಬರು ಇನ್ನೊಬ್ಬರಿಗೆ ಮಾಡುವ ಕೆಲಸವಲ್ಲ.

‘ಮೇಕ್ ಫ್ರೆಂಡ್‌ಶಿಪ್’ ಎಂಬುದು ನಮ್ಮ ‘ಸ್ನೇಹ ಮಾಡು’ವಿನಿಂದ ಬಂದದ್ದು, ಬೇರೆ ಭಾರತೀಯ ಭಾಷೆಗಳವರೂ ಹೀಗೆಯೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಮೇಕ್ ಫ್ರೆಂಡ್ಸ್’. ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೆಂದರೆ, ಗೆಳತಿಯಾದವಳು ಒಬ್ಬಳೇ ಆಗಿರುವಾಗ ‘ಐ ಮೇಡ್ ಫ್ರೆಂಡ್ಸ್ ವಿತ್ ಹರ್’ ಎಂಬಲ್ಲಿ ಬಹುವಚನ ಏಕೆ ಎಂಬುದು. ಏಕೆಂದರೆ ಅಲ್ಲಿ ಎಣಿಸುತ್ತಿರುವುದು ಅವಳೊಬ್ಬಳನ್ನಲ್ಲ, ನಿಮ್ಮಿಬ್ಬರನ್ನೂ. ಕೈ ಕುಲುಕುವುದಕ್ಕೆ ‘ಶೇಕ್ ಹ್ಯಾಂಡ್ಸ್’ ಎನ್ನುವಾಗ ನಿಮ್ಮದೊಂದು ಕೈ, ಎದುರಿನವರದೊಂದು ಕೈ ಸೇರಿ ಬಹುವಚನವಾದಂತೆ, ಇಲ್ಲಿಯೂ ಅವಳು ನಿಮಗೆ, ನೀವು ಅವಳಿಗೆ ಸ್ನೇಹಿತರಾಗಿದ್ದೀರಿ. ಈ ಒಂದು ಬಹುವಚನ ಅರ್ಥವಾದರೆ ‘ಮೇಕ್ ಫ್ರೆಂಡ್‌ಶಿಪ್’ ತಾನಾಗಿಯೇ ನಾಲಿಗೆಯಿಂದ ಉದುರಿಹೋಗುತ್ತದೆ. ಅಂದಹಾಗೆ, ‘ಬಿಫ್ರೆಂಡ್’ ಎಂಬ ಪದವನ್ನು ನಮ್ಮ ಪತ್ರಿಕೆಗಳು ಧಾರಾಳವಾಗಿ ಬಳಸುತ್ತವೆಯಾದರೂ, ಅದರಲ್ಲಿ ದಿಕ್ಕಿಲ್ಲದವರಿಗೆ ಆಸರೆಯಾದ ಧ್ವನಿ ಇರುವುದರಿಂದ, ಜೊತೆಯ ಕೆಲಸಗಾರರ ಬಗ್ಗೆ ಆಡಿದರೆ ಸ್ವಲ್ಪ ಮೇಲಿನಿಂದ ನೋಡಿದಂತಾಗುತ್ತದೆ.

ಇನ್ನು ‘ವಿ ಕ್ಲಿಕ್ಡ್’ ಎಂಬುದು ‘ಹಿಟ್ ಇಟ್ ಆಫ್’ನಷ್ಟೇ ಸಲಿಗೆಯ ಮಾತು. ಕನ್ನಡದಲ್ಲಿ ‘ಆ ಸಿನಿಮಾ ಕ್ಲಿಕ್ ಆಯಿತು’ ಎಂದರೆ ಓಡಿತು, ಗೆದ್ದಿತು ಎಂದಾಗುತ್ತದೆ. ಅವರು ಇಬ್ಬರ ಬಗ್ಗೆ ‘ಕ್ಲಿಕ್’ ಎಂದಾಗ ಗೆಲುವಿನ ಮಾತಿಲ್ಲ, ಮನಸ್ಸು ಮನಸ್ಸಿಗೆ ಕೂಡಿತು ಎಂದಷ್ಟೇ. ದಿನನಿತ್ಯದ ಹೊಂದಾಣಿಕೆಗೆ ಅಮೆರಿಕದವರು ‘ಗೆಟ್ ಅಲಾಂಗ್’ ಎಂದೂ ಬ್ರಿಟನ್ನಿನವರು ಹೆಚ್ಚಾಗಿ ‘ಗೆಟ್ ಆನ್’ ಎಂದೂ ಹೇಳುತ್ತಾರೆ. ಮ್ಯಾನೇಜರ್ ಕೇಳಿದ ಪ್ರಶ್ನೆಗೆ ‘ವಿ ಗೆಟ್ ಅಲಾಂಗ್ ವೆಲ್’ ಎಂಬುದೇ ಹದವಾದ ಉತ್ತರವಾಗುತ್ತಿತ್ತು. ಅಪರಿಚಿತರನ್ನು ಮಾತಿಗೆಳೆಯುವುದು ‘ಸ್ಟ್ರೈಕ್ ಅಪ್ ಎ ಕಾನ್ವರ್ಸೇಷನ್’. ಬಿಗುಮಾನ ಸಡಿಲಿಸುವುದು ‘ಬ್ರೇಕ್ ದಿ ಐಸ್’, ಇದು ಹೆಪ್ಪುಗಟ್ಟಿದ ನೀರನ್ನು ಒಡೆದು ದೋಣಿಗೆ ದಾರಿ ಮಾಡುವ ನಾಡಿನ ಮಾತು, 16ನೆಯ ಶತಮಾನದಿಂದಲೂ ಬಳಕೆಯಲ್ಲಿದೆ. ಬೆಂಗಳೂರಿನಲ್ಲಿ ಒಡೆಯಲು ಮಂಜುಗಡ್ಡೆಯಿಲ್ಲ, ‘ಸಿಲ್ಕ್ ಬೋರ್ಡ್ ಹತ್ತಿರ ಎಷ್ಟು ಹೊತ್ತು ಸಿಕ್ಕಿಹಾಕಿಕೊಂಡಿದ್ದಿರಿ?’ ಎಂದರೆ ಸಾಕು, ಎದುರಿನವರು ಬಾಯಿ ಬಿಡುತ್ತಾರೆ. ನಮ್ಮ ‘ಗಳಸ್ಯ ಕಂಠಸ್ಯ’ಕ್ಕೆ ಅವರಲ್ಲಿ ‘ಥಿಕ್ ಆಸ್ ಥೀವ್ಸ್’ ಇದೆ, ನಮ್ಮ ಚಡ್ಡಿ ದೋಸ್ತಿಯ ಬಗ್ಗೆ ಅವರು ‘ವಿ ಗೋ ವೇ ಬ್ಯಾಕ್’ ಎನ್ನುತ್ತಾರೆ.

ಕೊನೆಗೆ ಒಂದು ಪದದ ಕತೆ ಹೇಳುವ ಆಸೆ, ನಿವೃತ್ತ ಮೇಷ್ಟ್ರ ಚಾಳಿ ಎಂದು ಕ್ಷಮಿಸಿ. ಸ್ನೇಹಿತನಿಗೆ ಇಂಗ್ಲಿಷಿನ ಆಡುಮಾತಿನಲ್ಲಿರುವ ‘ಪ್ಯಾಲ್’ ಎಂಬ ಪದ 17ನೆಯ ಶತಮಾನದಲ್ಲಿ ರೋಮಾನಿ ಜನರ ನುಡಿಯಿಂದ ಬಂದದ್ದು. ಅವರ ಪೂರ್ವಿಕರು ಭಾರತದಿಂದ ಹೊರಟವರಾದ್ದರಿಂದ, ಸಹೋದರ ಎಂಬ ಅರ್ಥದ ಆ ಪದದ ಬೇರು ಸಂಸ್ಕೃತದ ‘ಭ್ರಾತೃ’ವಿನ ಕಡೆಗೆ ಹೋಗುತ್ತದೆ. ನಮ್ಮ ಕಡೆಯಿಂದ ಹೊರಟ ಅಣ್ಣತಮ್ಮನೊಬ್ಬ ಲಂಡನ್ನಿನ ಬೀದಿಯಲ್ಲಿ ಗೆಳೆಯನಾಗಿದ್ದಾನೆ. ‘ಕಂಪ್ಯಾನಿಯನ್’ ಎಂಬುದರ ಒಳಗೆ ಲ್ಯಾಟಿನ್ನಿನ ರೊಟ್ಟಿ ಇದೆ, ‘ಮೇಟ್’ ಎಂಬುದರ ಮೂಲದಲ್ಲಿಯೂ ಹಂಚಿಕೊಂಡು ಉಂಡ ಆಹಾರವೇ ಇದೆ. ಅನ್ನದ ಋಣವೆನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೀಡ್ಸ್‌ನಿಂದ ಮರಳಿದವನು

ಮೇಷ್ಟ್ರು ಪದಗಳನ್ನು ಹೇಳಿದ್ದಾರೆ, ನಾನು ಪೆಟ್ಟು ತಿಂದದ್ದನ್ನು ಹೇಳುತ್ತೇನೆ. ಉತ್ತರ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆರು ವರ್ಷ ಇದ್ದೆ. ಅಲ್ಲಿ ಬೆಳಿಗ್ಗೆ ಎದುರಾದವರೆಲ್ಲ ‘ಯು ಆಲ್‌ರೈಟ್?’ ಎನ್ನುತ್ತಾರೆ. ಮೊದಲ ವಾರ ನಾನು ನಿಂತು, ರಾತ್ರಿಯಿಡೀ ನೆಗಡಿಯಿಂದ ನಿದ್ದೆಯಿಲ್ಲವೆಂದು ವಿವರಿಸಲು ತೊಡಗುವಷ್ಟರಲ್ಲಿ ಕೇಳಿದವರು ಲಿಫ್ಟ್ ಹತ್ತಿರುತ್ತಿದ್ದರು. ಅದಕ್ಕೆ ಸರಿಯಾದ ಉತ್ತರ, ತಿರುಗಿ ‘ಆಲ್‌ರೈಟ್?’ ಎನ್ನುವುದು. ನಾವು ದಾರಿಯಲ್ಲಿ ಸಿಕ್ಕವರನ್ನು ‘ಊಟ ಆಯಿತಾ?’ ಎಂದು ಕೇಳುವಾಗ ಸಾರಿನ ವಿವರ ನಮಗೆ ಬೇಕಿರುವುದಿಲ್ಲವಷ್ಟೇ. ಬ್ರೊನಿಸ್ಲಾ ಮಲಿನೊವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ 1923ರಲ್ಲಿಯೇ ಇಂಥ ಮಾತಿಗೆ ‘ಫ್ಯಾಟಿಕ್ ಕಮ್ಯೂನಿಯನ್’ ಎಂದು ಹೆಸರಿಟ್ಟಿದ್ದಾನೆ. ವಿಷಯ ತಿಳಿಸಲು ಅಲ್ಲ, ಸಂಬಂಧದ ದಾರ ಕಡಿಯದಂತೆ ನೋಡಿಕೊಳ್ಳಲು ಆಡುವ ಮಾತು ಎಂದು ಅದರ ಅರ್ಥ.

ನಿಮ್ಮ ‘ವಿ ಮಸ್ಟ್ ಕ್ಯಾಚ್ ಅಪ್ ಸಮ್‌ಟೈಮ್’ ಅದೇ ಜಾತಿಗೆ ಸೇರಿದ್ದು. ‘ಕ್ಯಾಚ್ ಅಪ್’ ಎಂದರೆ ನಡುವೆ ಬಿಟ್ಟುಹೋದ ಸುದ್ದಿಯನ್ನೆಲ್ಲ ಕುಳಿತು ಹಂಚಿಕೊಳ್ಳುವುದು, ಪದದಲ್ಲಿ ದೋಷವಿಲ್ಲ. ಆದರೆ ನಮ್ಮೂರಿನಲ್ಲಿ ‘ಒಂದ್ಸಲ ಮನೆ ಕಡೆ ಬನ್ನಿ’ ಎಂದವರ ಮನೆಗೆ ಮರುದಿನವೇ ಹೋಗಿ ಬಾಗಿಲು ತಟ್ಟುತ್ತೇವೆಯೇ? ‘ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದುಬಿಡಿ, ಹೋಳಿಗೆ ಮಾಡಿಸ್ತೀನಿ’ ಎಂದರೆ ಅದು ಕರೆ. ಅವರಲ್ಲಿಯೂ ವಾರದ ಹೆಸರು ಬಂದರೆ ಮಾತ್ರ ಕರೆ, ‘ಸಮ್‌ಟೈಮ್’ ಬಂದರೆ ಉಪಚಾರ.

ಇನ್ನು ‘ಮೇಟ್’ ಎಂಬುದನ್ನು ಅಲ್ಲಿ ಗೆಳೆಯನಿಗೂ ಹೇಳುತ್ತಾರೆ, ಗುರುತಿಲ್ಲದ ಬಸ್ ಚಾಲಕನಿಗೂ ಹೇಳುತ್ತಾರೆ, ಜಗಳಕ್ಕೆ ನಿಂತಾಗ ‘ಲಿಸನ್, ಮೇಟ್’ ಎಂದು ಹಲ್ಲು ಕಚ್ಚಿಯೂ ಹೇಳುತ್ತಾರೆ. ನಮ್ಮ ‘ಗುರು’ವಿನ ಹಾಗೆ, ದನಿ ಕೇಳಿಯೇ ಅರ್ಥ ಮಾಡಿಕೊಳ್ಳಬೇಕು. ಲೀಡ್ಸ್ ಇರುವ ಯಾರ್ಕ್‌ಷೈರ್ ಸೀಮೆಯ ಅಂಗಡಿಯವರು ಗಂಡು ಹೆಣ್ಣು ಎನ್ನದೆ ಗಿರಾಕಿಯನ್ನು ‘ಲವ್’ ಎಂದು ಕರೆಯುವುದುಂಟು. ಆಲೂಗಡ್ಡೆ ಕೊಡುತ್ತ ಅರವತ್ತರ ಮುದುಕ ‘ದೇರ್ ಯು ಗೋ, ಲವ್’ ಎಂದಾಗ ನನ್ನ ಮುಖ ನೋಡಬೇಕಿತ್ತು.

ಅಲ್ಲಿ ಸ್ನೇಹ ಕುದುರುವ ಜಾಗ ಪಬ್. ಒಬ್ಬೊಬ್ಬರು ತಮ್ಮದಕ್ಕೆ ದುಡ್ಡು ಕೊಡುವುದಿಲ್ಲ. ಒಬ್ಬರು ಎದ್ದು ಎಲ್ಲರಿಗೂ ತಂದರೆ ಅದು ಅವರ ‘ರೌಂಡ್’, ಮುಂದಿನದು ಇನ್ನೊಬ್ಬರದು. ನಾನು ಕುಡಿಯುವವನಲ್ಲ, ಆದರೂ ನನ್ನ ಸರದಿ ಬಂದಾಗ ‘ಇಟ್ಸ್ ಮೈ ರೌಂಡ್’ ಎಂದು ಎದ್ದ ದಿನದಿಂದ ನನ್ನನ್ನು ತಮ್ಮವನೆಂದುಕೊಂಡರು. ಇಬ್ಬರಿಗೆ ತೀರ ಚೆನ್ನಾಗಿ ಹೊಂದಿದರೆ ‘ದೆ ಗೆಟ್ ಆನ್ ಲೈಕ್ ಎ ಹೌಸ್ ಆನ್ ಫೈರ್’ ಎನ್ನುತ್ತಾರೆ. ಮನೆಗೆ ಬೆಂಕಿ ಬಿದ್ದದ್ದಕ್ಕೂ ಸ್ನೇಹಕ್ಕೂ ಏನು ಸಂಬಂಧವೆಂದು ಕೇಳಿದೆ. ಅದೆಷ್ಟು ಬೇಗ ಹೊತ್ತಿಕೊಳ್ಳುತ್ತದೆ ನೋಡು ಎಂದರು.

ಎಚ್.ಆರ್. ವಿಭಾಗದವಳು

ನಾನು ಇದೇ ಊರಿನ ಬೇರೊಂದು ಕಂಪನಿಯಲ್ಲಿರುವವಳು. ನಿಮ್ಮ ಮ್ಯಾನೇಜರ್ ನಡೆದುಕೊಂಡ ರೀತಿ ಸರಿಯಾಗಿಯೇ ಇದೆ, ಅವರ ಮೇಲೆ ಬೇಸರ ಬೇಡ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಂತೆ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ‘ಹಿಟ್ ಆನ್ ಮಿ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವರು ಕೇಳದೆ ಸುಮ್ಮನಿದ್ದಿದ್ದರೆ ಅದು ತಪ್ಪಾಗುತ್ತಿತ್ತು. ಆದರೆ ಅದು ಪದದ ತಪ್ಪೆಂದು ಸ್ಪಷ್ಟಪಡಿಸಿ ಎರಡು ಸಾಲಿನ ಮೇಲ್ ಕಳಿಸಿಬಿಡಿ, ಪುಣೆಯವರಿಗೆ ಅನ್ಯಾಯವಾಗಬಾರದು.

ಇದೇ ಬಗೆಯ ಇನ್ನೂ ಕೆಲವು ಗುಂಡಿಗಳಿವೆ. ‘ಹ್ಯಾಂಗ್ ಔಟ್’ ಎಂದರೆ ಸುಮ್ಮನೆ ಜೊತೆಯಲ್ಲಿ ಹೊತ್ತು ಕಳೆಯುವುದು, ನಿಶ್ಚಿಂತೆಯಾಗಿ ಬಳಸಬಹುದು. ‘ವಿ ಆರ್ ಗೋಯಿಂಗ್ ಔಟ್ ಫಾರ್ ಲಂಚ್’ ಎಂದರೆ ಊಟಕ್ಕೆ ಹೊರಗೆ ಹೋಗುತ್ತಿದ್ದೇವೆ ಎಂದಷ್ಟೇ, ಆದರೆ ‘ಐ ಆಮ್ ಗೋಯಿಂಗ್ ಔಟ್ ವಿತ್ ಹಿಮ್’ ಎಂದು ನಿಲ್ಲಿಸಿಬಿಟ್ಟರೆ ಪ್ರೇಮವೆಂದಾಗುತ್ತದೆ. ‘ಐ ಆಮ್ ಸೀಯಿಂಗ್ ಹಿಮ್’ ಕೂಡ ಹಾಗೆಯೇ. ‘ಹುಕ್ ಅಪ್’ ಎಂಬುದನ್ನು ಯಂತ್ರಕ್ಕೆ ತಂತಿ ಜೋಡಿಸುವಾಗ ಬಳಸಿ, ಮನುಷ್ಯರ ವಿಷಯದಲ್ಲಿ ಬೇಡ.

‘ಬಡ್ಡಿ’ಯ ಬಗ್ಗೆಯೂ ಒಂದು ಮಾತು. ಹೊಸಬರಿಗೆ ದಾರಿ ತೋರಿಸಲು ಕಂಪನಿಗಳು ಒಬ್ಬ ಹಳಬರನ್ನು ಜೊತೆ ಮಾಡುತ್ತವೆ, ಅವರನ್ನು ‘ಬಡ್ಡಿ’ ಎನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದ ದಿನ ಮನೆಗೆ ಫೋನ್ ಮಾಡಿ, ‘ಅಮ್ಮಾ, ಆಫೀಸಲ್ಲಿ ನಂಗೊಂದು ಬಡ್ಡಿ ಕೊಟ್ಟಿದ್ದಾರೆ’ ಎಂದರೆ, ‘ಸೇರಿದ ದಿನವೇ ಸಾಲ ಮಾಡಿದೆಯಾ, ಎಷ್ಟು ಪರ್ಸೆಂಟು?’ ಎಂದು ಅಮ್ಮ ಗಾಬರಿಯಾದರು.

ಮಲ್ಲೇಶ್ವರದ ಓದುಗ

ಎಲ್ಲವನ್ನೂ ಓದಿದೆ. ನನಗೆ ಬೇರೆಯೇ ಅಭಿಪ್ರಾಯವಿದೆ. ತಿಪಟೂರಿನವರ ಮಾತೃಭಾಷೆ ಇಂಗ್ಲಿಷಲ್ಲ, ಪುಣೆಯವರದೂ ಅಲ್ಲ ಎಂದು ತೋರುತ್ತದೆ. ಹೀಗಿರುವಾಗ ಲೀಡ್ಸ್‌ನ ಪಬ್ಬಿನ ಮಾತನ್ನು ವೈಟ್‌ಫೀಲ್ಡಿನ ಕ್ಯಾಂಟೀನಿಗೆ ತರುವ ಅಗತ್ಯವೇನು? ‘ಐ ಎಂಜಾಯ್ ವರ್ಕಿಂಗ್ ವಿತ್ ಹಿಮ್’ ಎಂದರೆ ಯಾರಿಗೂ ಅರ್ಥವಾಗದೆ ಇರುವುದಿಲ್ಲ, ಯಾರೂ ಬಾಗಿಲು ಹಾಕಿಕೊಂಡು ಬರುವುದೂ ಇಲ್ಲ. ಈ ಊರಿನ ಇಂಗ್ಲಿಷಿಗೆ ಅದರದೇ ಸಲಿಗೆಯಿದೆ. ‘ಮಚ್ಚಾ, ಒನ್ ಬೈ ಟೂ ಹೇಳೋಣವಾ?’ ಎಂದು ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡ ಮೇಲೆ ಇನ್ನಾವ ನುಡಿಗಟ್ಟು ಬೇಕು? ಕನ್ನಡದಲ್ಲಿ ಸ್ನೇಹ ಬೆಳೆಸಲು ಇಷ್ಟೆಲ್ಲ ನಿಯಮಗಳಿಲ್ಲ.

ಗಾಂಧಿಬಜಾರಿನ ನಿವೃತ್ತ ಮೇಷ್ಟ್ರು

ಮಲ್ಲೇಶ್ವರದವರ ಮಾತಿನ ಮೊದಲ ಭಾಗವನ್ನು ಒಪ್ಪುತ್ತೇನೆ. ಆಡುವಾಗ ಸರಳವಾಗಿ ಆಡುವುದೇ ಮೇಲು. ಆದರೆ ಎದುರಿನವರು ಆಡಿದ್ದು ತಿಳಿಯಬೇಕಲ್ಲ, ಅದಕ್ಕಾದರೂ ಇವು ಬೇಕು. ಕನ್ನಡದಲ್ಲಿ ನಿಯಮಗಳಿಲ್ಲವೆಂಬುದನ್ನು ಮಾತ್ರ ಒಪ್ಪಲಾರೆ. ನಮ್ಮಲ್ಲಿ ಒಂದೇ ನಿಯಮವಿದೆ, ಅದು ಇವೆಲ್ಲಕ್ಕಿಂತ ಕಠಿಣವಾದದ್ದು. ‘ನೀವು’ ಎನ್ನುತ್ತಿದ್ದವರು ಯಾವ ದಿನ ‘ನೀನು’ ಎನ್ನಬೇಕು, ಮೊದಲು ಯಾರು ಎನ್ನಬೇಕು? ಒಂದು ದಿನ ಮುಂಚೆ ಎಂದರೆ ಅಹಂಕಾರ, ಎರಡು ವರ್ಷವಾದರೂ ಎನ್ನದಿದ್ದರೆ ದೂರ. ಆ ದಾಟುವಿಕೆಯಲ್ಲಿಯೇ ನಮ್ಮ ಗೆಳೆತನ ಅಧಿಕೃತವಾಗುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಹನ್ನೊಂದು ವರ್ಷ ನನ್ನನ್ನು ‘ನೀವು’ ಎಂದವರು, ಒಂದು ಸಂಜೆ ಕೊಡೆ ಮರೆತು ಹೋಗುತ್ತಿದ್ದ ನನ್ನನ್ನು ‘ಲೋ, ನಿನ್ನ ಕೊಡೆ ಕಣೋ’ ಎಂದು ಕೂಗಿದರು. ಇಬ್ಬರೂ ಆ ಬಗ್ಗೆ ಒಂದಕ್ಷರ ಆಡಲಿಲ್ಲ, ಮರುದಿನದಿಂದ ಇಬ್ಬರೂ ‘ನೀನು’.

ಇಂಗ್ಲಿಷಿಗೂ ಒಂದು ಕಾಲಕ್ಕೆ ಈ ಸೌಕರ್ಯವಿತ್ತು. ‘ದೌ’ ಎಂದರೆ ನೀನು, ‘ಯು’ ಎಂದರೆ ನೀವು. 17, 18ನೆಯ ಶತಮಾನಗಳ ಹೊತ್ತಿಗೆ ಶಿಷ್ಟ ಬಳಕೆಯಿಂದ ‘ದೌ’ ಮರೆಯಾಗಿ, ರಾಜನಿಂದ ನಾಯಿಮರಿಯವರೆಗೆ ಎಲ್ಲರೂ ‘ಯು’ ಆದರು. ಈ ಏಕವಚನ ಬಹುವಚನಗಳು ಅಧಿಕಾರವನ್ನೂ ಆತ್ಮೀಯತೆಯನ್ನೂ ಹೇಗೆ ತೋರಿಸುತ್ತವೆ ಎಂಬುದನ್ನು ಬ್ರೌನ್ ಮತ್ತು ಗಿಲ್ಮನ್ ಎಂಬ ಇಬ್ಬರು ವಿದ್ವಾಂಸರು 1960ರ ಲೇಖನವೊಂದರಲ್ಲಿ ವಿವರಿಸಿದ್ದಾರೆ. ನನ್ನ ತಿಳಿವಳಿಕೆಯಲ್ಲಿ ಹೇಳುವುದಾದರೆ, ಸರ್ವನಾಮ ಮಾಡುತ್ತಿದ್ದ ಕೆಲಸವನ್ನು ಈಗ ಅವರಲ್ಲಿ ಬರಿಯ ಹೆಸರು ಹಿಡಿದು ಕರೆಯುವುದು, ‘ಮೇಟ್’, ‘ಬಡ್ಡಿ’ ಎನ್ನುವುದು, ‘ಹ್ಯಾಂಗ್ ಔಟ್’ ಎನ್ನುವುದು ಮಾಡಬೇಕಾಗಿದೆ. ಈ ನುಡಿಗಟ್ಟುಗಳು ಅಲಂಕಾರಕ್ಕೆ ಬಂದವಲ್ಲ, ಅವರ ‘ನೀನು’ ಇವುಗಳಲ್ಲಿ ಹಂಚಿಹೋಗಿದೆ. ಅದಕ್ಕೇ ತೀರ ಬೇಗ ಬಳಸಿದರೆ ಮುಜುಗರವಾಗುತ್ತದೆ, ಎಂದಿಗೂ ಬಳಸದಿದ್ದರೆ ಬಿಗಿಯಾಗಿ ಕಾಣುತ್ತದೆ.

ಲೀಡ್ಸ್‌ನಿಂದ ಮರಳಿದವನು

ಮೇಷ್ಟ್ರೇ, ಒಂದು ಸಣ್ಣ ಸೇರ್ಪಡೆ. ಯಾರ್ಕ್‌ಷೈರಿನ ಹಳೆಯ ತಲೆಗಳ ಬಾಯಲ್ಲಿ ಆ ‘ದೌ’ ಇನ್ನೂ ‘ದಾ’ ಆಗಿ ಉಳಿದಿದೆ. ಆಲೂಗಡ್ಡೆಯ ಮುದುಕ ತನ್ನ ಗೆಳೆಯರೊಡನೆ ಹಾಗೆ ಮಾತಾಡುವುದನ್ನು ಕೇಳಿದ್ದೇನೆ. ನನಗೆ ಮಾತ್ರ ಕೊನೆಯವರೆಗೂ ‘ಯು’ ಎಂದೇ ಹೇಳಿದ.

ತಿಪಟೂರಿನವಳು

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರೇ, ‘ಕೈ ಕೊಟ್ಟ’ ಎಂಬ ನಿಮ್ಮ ಉದಾಹರಣೆಯನ್ನು ಮ್ಯಾನೇಜರ್‌ಗೆ ಹೇಳಿದೆ. ಅವರು ಮಂಗಳೂರಿನ ಕಡೆಯವರಾದ್ದರಿಂದ ತಕ್ಷಣ ಅರ್ಥವಾಗಿ ನಕ್ಕರು, ನಾನು ಕಳಿಸಿದ ಎರಡು ಸಾಲಿನ ಮೇಲ್‌ಗೆ ಒಂದೇ ಪದದ ಉತ್ತರ ಬರೆದು ವಿಷಯ ಮುಗಿಸಿದರು.

ಪುಣೆಯವರಿಗೆ ‘ಸಮ್‌ಟೈಮ್’ ಎನ್ನದೆ, ಗುರುವಾರ ಸಂಜೆ ಐದಕ್ಕೆ ಮೆಟ್ರೊ ನಿಲ್ದಾಣದ ಹತ್ತಿರದ ದರ್ಶಿನಿಯಲ್ಲಿ ಕಾಫಿ ಎಂದು ಬರೆದೆ, ತಂಡದ ಇನ್ನಿಬ್ಬರನ್ನೂ ಕರೆದೆ. ನಾಲ್ವರೂ ನಿಂತುಕೊಂಡೇ ಕುಡಿದೆವು. ಒನ್ ಬೈ ಟೂ ಎಂದರೇನೆಂದು ಅವರಿಗೆ ವಿವರಿಸಿ ಹೇಳಬೇಕಾಯಿತು, ಅಷ್ಟು ಕಡಿಮೆ ಕಾಫಿಗೆ ಅಷ್ಟು ದೊಡ್ಡ ಹೆಸರೇ ಎಂದು ಅವರಿಗೆ ಆಶ್ಚರ್ಯ. ನಾನು ಪರ್ಸ್ ತೆಗೆಯುವಷ್ಟರಲ್ಲಿ ಅವರು ದುಡ್ಡು ಕೊಟ್ಟಾಗಿತ್ತು. ಲೀಡ್ಸ್‌ನವರ ‘ರೌಂಡ್’ ನೆನಪಾಗಿ, ಮುಂದಿನದು ನನ್ನದು ಎನ್ನಲು ‘ದ ನೆಕ್ಸ್ಟ್ ಒನ್ ಈಸ್ ಆನ್ ಮಿ’ ಎಂದೆ. ವಾಕ್ಯ ಸರಿಯಾಗಿಯೇ ಇತ್ತೆಂದು ಆಮೇಲೆ ನೋಡಿಕೊಂಡೆ, ಆದರೆ ಆ ‘ಆನ್ ಮಿ’ ಬಾಯಿಗೆ ಬಂದ ಕ್ಷಣದಲ್ಲಿ ನಾಲಿಗೆ ಒಮ್ಮೆ ತಡೆದು ನಿಂತು, ಮುಂದೆ ಹೋಯಿತು.